ಗೂಡ್ಸ್ ಷೆಡ್ಡಿನ ಸಭೆ

ಜಾರ್ಜಿಯಾದ ಒಂದು ಮೂಲೆಯ ನಮ್ಮ ಗೂರಿಯಾ ಸೀಮೆಯ ಜನ ಊಟವಿಲ್ಲದೆ ಎರಡು ದಿನ ಇದ್ದಾರು, ಸಭೆಯಿಲ್ಲದೆ ಒಂದು ದಿನ ಇರಲಾರರು. ಹಳ್ಳಕ್ಕೆ ಸೇತುವೆ ಹಾಕಬೇಕೆ? ಸಭೆ. ಪಾದ್ರಿಯ ದಕ್ಷಿಣೆ ಕಡಿಮೆ ಮಾಡಬೇಕೆ? ಸಭೆ. ಯಾರದೋ ಹಂದಿ ಇನ್ಯಾರದೋ ಮೆಕ್ಕೆಜೋಳದ ಹೊಲಕ್ಕೆ ನುಗ್ಗಿದರೆ ಅದಕ್ಕೂ ಸಭೆ; ಅಲ್ಲಿ ಹಂದಿಯ ಪರವಾಗಿ ಎದ್ದು ಮಾತಾಡುವವನೂ ಒಬ್ಬ ಇರುತ್ತಾನೆ. 1905ರಲ್ಲಿ ರಷ್ಯಾದ ಚಕ್ರವರ್ತಿಯ ಪೊಲೀಸರನ್ನು ಓಡಿಸಿ, ಕೆಲವು ತಿಂಗಳು ತಮ್ಮನ್ನು ತಾವೇ ಆಳಿಕೊಂಡಾಗ ಹತ್ತಿದ ಚಟ ಇದು. ಆಮೇಲೆ ಚಕ್ರವರ್ತಿಯ ಸೈನ್ಯ ಬಂದು ಮನೆಗಳನ್ನು ಸುಟ್ಟಿತು. ಚಟ ಮಾತ್ರ ಸುಡಲಿಲ್ಲ.

ಆದ್ದರಿಂದ 1918ರ ಡಿಸೆಂಬರಿನಲ್ಲಿ, ಚಕ್ರವರ್ತಿಯೇ ಇಲ್ಲವಾಗಿ, ಲೋರಿ ಎಂಬ ಸೀಮೆಯ ಗಡಿಗಾಗಿ ಜಾರ್ಜಿಯಾಕ್ಕೂ ಅರ್ಮೇನಿಯಾಕ್ಕೂ ಜಗಳ ಹತ್ತಿ, ನಮ್ಮ ಕಡೆಯಿಂದ ಎಂಬತ್ತು ಚಿಲ್ಲರೆ ಮಂದಿ ಸ್ವಯಂಸೇವಕರಾಗಿ ರೈಲು ಹತ್ತಿದಾಗ, ಬಂದೂಕಿನ ಜೊತೆ ಈ ಚಟವನ್ನೂ ಹೊತ್ತುಕೊಂಡೇ ಹೋದರು. ತಮ್ಮ ತುಕಡಿಗೆ ತಾವೇ ನಿಯಮ ಬರೆದುಕೊಂಡರು. ದಾಳಿಯ ಆದೇಶ ಬಂದರೆ ಅದನ್ನು ಎಲ್ಲರೆದುರು ಓದಬೇಕು; ಮಾತಾಡಬೇಕೆನ್ನುವವರೆಲ್ಲ ಮಾತಾಡಬೇಕು; ಆಮೇಲೆ ಕೈ ಎತ್ತಿ ತೀರ್ಮಾನ. ಮೇಲಿನ ಅಧಿಕಾರಿಗಳು ಇದನ್ನು ಕೇಳಿ ಹಲ್ಲು ಕಡಿದರು. ಆದರೆ ಅವರಿಗೆ ಜನ ಬೇಕಾಗಿತ್ತು, ಸುಮ್ಮನಾದರು.

ಆ ತುಕಡಿಯ ಅಧ್ಯಕ್ಷ ಎರ್ಮಿಲೆ. ವಯಸ್ಸು ನಲವತ್ತಾರು, ಕಸುಬಿನಲ್ಲಿ ಬಡಗಿ. 1905ರಲ್ಲಿ ಊರಸಭೆ ನಡೆಸಿದ ತಪ್ಪಿಗೆ ಆರು ವರ್ಷ ಸೈಬೀರಿಯಾದಲ್ಲಿ ಕೊಳೆತು ಬಂದವನು. ಎಷ್ಟು ಸಭೆ ನಡೆಸಿದ್ದನೋ ಲೆಕ್ಕವಿಲ್ಲ, ಆದರೆ ಒಬ್ಬನೇ ಒಬ್ಬನ ಮಾತನ್ನೂ ನಡುವೆ ತಡೆದವನಲ್ಲ. "ಬಾಯಿ ಮುಚ್ಚಿಸೋಕೆ ಚಕ್ರವರ್ತಿ ಇದ್ನಲ್ಲ, ಅದಕ್ಕೆ ನಾನ್ಯಾಕೆ?" ಎನ್ನುತ್ತಿದ್ದ. ಜನ ಅವನನ್ನು ಅಧ್ಯಕ್ಷನನ್ನಾಗಿ ಆರಿಸಿದ್ದೇ ಈ ಗುಣಕ್ಕೆ.

ಅವನಿಗೊಬ್ಬ ತಮ್ಮ, ಸಿಲೊವಾನ್. ಹನ್ನೆರಡು ವರ್ಷ ಚಿಕ್ಕವನು. ಅಪ್ಪ ಬೇಗ ತೀರಿಕೊಂಡಿದ್ದರಿಂದ ಅವನಿಗೆ ಬೂಟಿನ ಲಾಡಿ ಕಟ್ಟುವುದನ್ನು ಕಲಿಸಿದವನೂ, ಮರ ಹತ್ತಿದ್ದಕ್ಕೆ ಬಾರಿಸಿದವನೂ ಎರ್ಮಿಲೆಯೇ. ಅಣ್ಣ ಸೈಬೀರಿಯಾದಲ್ಲಿದ್ದಾಗ ತಮ್ಮ ಸೈನ್ಯಕ್ಕೆ ಸೇರಿದ, ತುರ್ಕರ ಮೇಲೆ ಮೂರು ವರ್ಷ ಕಾದಾಡಿದ, ಈಗ ಇದೇ ಯುದ್ಧದಲ್ಲಿ ಖಾಯಂ ಸೈನ್ಯದ ಸಾರ್ಜೆಂಟ್. ಅವನ ತುಕಡಿ ಗಡಿಯ ಹತ್ತಿರದ ಒಂದು ರೈಲು ಸ್ಟೇಷನ್ನಿನ ಆಚೆ ಬದಿಯಲ್ಲಿತ್ತು, ನಮ್ಮವರದು ಈಚೆ ಗೂಡ್ಸ್ ಷೆಡ್ಡಿನಲ್ಲಿ. ಅವನ ತುಕಡಿಯಲ್ಲಿ ಕೈ ಎತ್ತುವ ಪದ್ಧತಿ ಇರಲಿಲ್ಲ.

ಡಿಸೆಂಬರ್ ಇಪ್ಪತ್ತೇಳರ ಮಧ್ಯಾಹ್ನ ಸಿಲೊವಾನ್ ಷೆಡ್ಡಿಗೆ ಬಂದ. ಹೆಗಲ ಮೇಲೆಲ್ಲ ಹಿಮ.

"ಏನ್ರಪ್ಪಾ, ಪಾರ್ಲಿಮೆಂಟ್ ನಡೀತಾ ಇದ್ಯಾ?" ಎಂದು ಎಲ್ಲರಿಗೂ ಕೇಳುವಂತೆ ಕೂಗಿ, ಅಣ್ಣನ ಪಕ್ಕ ಕೂತು, ಅವನ ಬುತ್ತಿಯಿಂದ ಚೀಸಿನ ತುಂಡನ್ನು ಕೇಳದೆಯೇ ಎತ್ತಿಕೊಂಡ. "ಒಂದ್ ವಾರದಿಂದ ಈ ಒಣಕಲು ಗೋಧಿ ರೊಟ್ಟಿ ತಿಂದು ಹೊಟ್ಟೆ ಕಲ್ಲಾಗಿದೆ. ಮೆಕ್ಕೆಜೋಳದ್ದು ಇಲ್ವಾ?"

"ಇದ್ದಿದ್ರೆ ನಿನ್ ಕಣ್ಣಿಗೆ ಬೀಳೋ ಹಾಗೆ ಇಡ್ತಿದ್ನಾ? ಹೇಳು, ಏನ್ ಸಮಾಚಾರ."

ಸಿಲೊವಾನ್ ಬಾಗಿಲಿನಾಚೆ ಗಲ್ಲ ಎತ್ತಿ ತೋರಿಸಿದ. ಸ್ಟೇಷನ್ನಿನ ನೆತ್ತಿಯ ಮೇಲೆಯೇ ನಿಂತಂತಿತ್ತು ಕರ್ಮಿರ್‌ಕಾರ್ ಗುಡ್ಡ. ತುದಿಯಲ್ಲಿ ಸಣ್ಣದೊಂದು ಕಲ್ಲಿನ ಚರ್ಚು, ಅದರ ಗೋಡೆಯ ಹಿಂದೆ ಅರ್ಮೇನಿಯನ್ನರ ಮೆಷಿನ್‌ಗನ್. ಐದು ದಿನದಿಂದ ಅದು ರೈಲುಹಳಿಯ ಮೇಲೆ ಇಲಿಯನ್ನೂ ಓಡಾಡಲು ಬಿಟ್ಟಿರಲಿಲ್ಲ.

"ನಾಳೆ ಬೆಳಿಗ್ಗೆ," ಎಂದ ಸಿಲೊವಾನ್. "ಇಂಗ್ಲಿಷರು ನಡುವೆ ಬಂದಿದಾರಂತೆ, ವರ್ಷದ ಕೊನೇ ದಿನ ಯುದ್ಧ ನಿಲ್ಲಿಸ್ತಾರಂತೆ. ಅಷ್ಟರೊಳಗೆ ಗುಡ್ಡ ನಮ್ದಾಗ್ಬೇಕು ಅಂತ ಮೇಲಿನವರ ಆಸೆ. ನಾವು ಎಡಗಡೆ ಕೊರಕಲಲ್ಲಿ ಹತ್ತೋದು. ನೋಡಿದೀಯಲ್ಲ ಆ ಕೊರಕಲು? ಒಂದ್ ಪೊದೆ ಇಲ್ಲ, ಮರೆಗೆ ಒಂದ್ ಬಂಡೆ ಇಲ್ಲ. ನೀವು ಬಲಗಡೆ ಓಕ್ ಕಾಡಿಂದ ಗುಂಡು ಹಾರಿಸ್ಬೇಕು. ಆಗ ಆ ಗನ್ನು ನಿಮ್ ಕಡೆ ತಿರುಗುತ್ತೆ. ಕಾಡಲ್ಲಿ ನಿಮಗೇನೂ ಆಗಲ್ಲ, ಮರ ಇದೆ. ಅದು ತಿರುಗಿದ ಹತ್ತು ನಿಮಿಷದಲ್ಲಿ ನಾವು ಮೇಲಿರ್ತೀವಿ."

"ತಿರುಗ್ಲಿಲ್ಲ ಅಂದ್ರೆ?"

"ತಿರುಗ್ಲಿಲ್ಲ ಅಂದ್ರೆ ನಾವು ತಟ್ಟೇಲಿಟ್ಟ ಕೋಳಿ." ಸಿಲೊವಾನ್ ನಗುತ್ತಲೇ ಹೇಳಿದ, ಆದರೆ ಚೀಸು ಕೈಯಲ್ಲೇ ಉಳಿದಿತ್ತು. "ಅಣ್ಣಾ, ನೋಡು. ನಾಳೆ ಒಂದಿನ ನಿನ್ ಸಭೆ ಗಿಭೆ ಬಿಟ್ಟುಬಿಡು. ಅಥವಾ ಇವತ್ತೇ ಮಾಡಿ ಮುಗಿಸು."

"ಇವತ್ತು ಹೇಗೋ ಮಾಡೋದು? ಆದೇಶ ಇನ್ನೂ ಕೈಗೆ ಬಂದಿಲ್ಲ. ಬರದೇ ಇರೋ ಆದೇಶದ ಮೇಲೆ ಏನಂತ ಚರ್ಚೆ ಮಾಡೋದು?"

ಮೊದಲಾಗಿದ್ದರೆ ಇಲ್ಲಿಂದ ಜಗಳ ಶುರುವಾಗುತ್ತಿತ್ತು. ಹದಿಮೂರು ವರ್ಷದಿಂದ ಅವರು ಸಿಕ್ಕಾಗಲೆಲ್ಲ ಇದೇ ಜಗಳವನ್ನು ಆಡಿದ್ದರು, ಅಮ್ಮನ ಶ್ರಾದ್ಧದ ಊಟದಲ್ಲಿ ಕೂಡ ಬಿಟ್ಟಿರಲಿಲ್ಲ. ಈ ಸಲ ಸಿಲೊವಾನ್ ಚೀಸನ್ನು ಬುತ್ತಿಗೆ ವಾಪಸಿಟ್ಟು ಎದ್ದು ನಿಂತ.

"ಬರ್ತೀಯ ತಾನೇ?"

"ಬರ್ತೀನಿ ಕಣೋ. ನೀನಿರೋ ಕಡೆ ನಾನು ಬರ್ದೆ ಇರ್ತೀನಾ?"

ಆ ಗಳಿಗೆಯಿಂದ ಎರ್ಮಿಲೆಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಬಂದೂಕನ್ನು ಎರಡು ಸಲ ಒರೆಸಿದ, ಬಾಗಿಲಿಗೆ ಹೋಗಿ ಕೊರಕಲು ನೋಡಿದ, ಬಂದು ಕೂತ, ಮತ್ತೆ ಎದ್ದ. ಯಾರೋ "ಅಧ್ಯಕ್ಷರಿಗೆ ಇರುವೆ ಹತ್ತಿದೆ" ಎಂದು ನಕ್ಕರು. ಬೆಳಗಾಗುವುದರೊಳಗೆ ದಟ್ಟ ಮಂಜು ಇಳಿದು ಗುಡ್ಡವೇ ಕಾಣದಂತಾಗಿತ್ತು.

ಏಳು ಗಂಟೆಗೆ ಖಾಯಂ ಸೈನ್ಯದ ಕ್ಯಾಪ್ಟನ್ ಕುದುರೆಯ ಮೇಲೆ ಬಂದು, ಆದೇಶದ ಕಾಗದವನ್ನೂ ತನ್ನದೊಂದು ಕೈಗಡಿಯಾರವನ್ನೂ ಎರ್ಮಿಲೆಯ ಕೈಗಿತ್ತ. ಕುದುರೆಯಿಂದ ಇಳಿಯಲೂ ಇಲ್ಲ.

"ಎಂಟಕ್ಕೆ ಸರಿಯಾಗಿ ತೋಪು ಹಾರುತ್ತೆ. ಅದೇ ಗುರುತು. ಓಕ್ ಕಾಡಿಗೆ ಇಲ್ಲಿಂದ ಇಪ್ಪತ್ತೈದು ನಿಮಿಷ. ಏಳೂವರೆಗೆ ನೀವು ದಾರೀಲಿರ್ಬೇಕು. ಟೆಲಿಫೋನ್ ತಂತಿ ಕಡಿದುಹೋಗಿದೆ, ಆಮೇಲೆ ನಾನು ನಿಮಗೆ ಏನೂ ಹೇಳೋಕಾಗಲ್ಲ, ನೀವೂ ನನಗೆ ಹೇಳೋಕಾಗಲ್ಲ. ಅರ್ಥ ಆಯ್ತಾ?"

"ಆಯ್ತು."

"ದೇವರಾಣೆ, ಇವತ್ತೊಂದಿನ ಭಾಷಣ ಬೇಡ," ಎಂದು ಕ್ಯಾಪ್ಟನ್ ಕುದುರೆ ತಿರುಗಿಸಿದ. ಎರಡು ಹೆಜ್ಜೆಗೆ ಮಂಜು ಅವನನ್ನು ನುಂಗಿತು.

ಎರ್ಮಿಲೆ ಒಂದು ಸಕ್ಕರೆ ಪೆಟ್ಟಿಗೆಯ ಮೇಲೆ ಹತ್ತಿ ಆದೇಶ ಓದಿದ. ಓದಿ ಮುಗಿಸಿದಾಗ ಏಳು ಗಂಟೆ ಏಳು ನಿಮಿಷ. ಜೀವನದಲ್ಲೇ ಮೊದಲ ಸಲ ಅವನು ಅಧ್ಯಕ್ಷನ ಜಾಗದಲ್ಲಿ ನಿಂತು ಅವಸರದ ಮಾತಾಡಿದ.

"ಕಾಮ್ರೇಡ್‌ಗಳೇ, ಹೊತ್ತಿಲ್ಲ. ಚರ್ಚೆ ಬಿಟ್ಟು ನೇರ ಕೈ ಎತ್ತಿಬಿಡೋಣ ಅಂತ ನನ್ನ ಸೂಚನೆ."

ಷೆಡ್ಡಿನಲ್ಲಿ ಗುಸುಗುಸು ಎದ್ದಿತು. ಗೋಡೆಗೊರಗಿ ಕೂತಿದ್ದ ತೆರೆಂತಿ ಎದ್ದು ನಿಂತ. ಬಾತೂಮಿಯ ಕಾರ್ಖಾನೆಯಲ್ಲಿ ಸೀಮೆಎಣ್ಣೆ ಡಬ್ಬಕ್ಕೆ ಬೆಸುಗೆ ಹಾಕುತ್ತಿದ್ದವನು, ಮಾತು ಕಡಿಮೆ, ಆಡಿದರೆ ನೆಟ್ಟಗೆ.

"ಇಷ್ಟು ವರ್ಷ ಇಲ್ಲದ ಅವಸರ ಇವತ್ತೇನು ಎರ್ಮಿಲೆ? ನಾವೆಲ್ಲ ಕುರುಡರೇನಲ್ಲ. ಆ ಕೊರಕಲಲ್ಲಿ ನಿನ್ನ ತಮ್ಮ ಇದಾನೆ. ಬೇರೆ ಯಾರ ತಮ್ಮನೋ ಇದ್ದಿದ್ರೆ ಚರ್ಚೆ ಬೇಡ ಅಂತಿದ್ಯಾ?"

ಎರ್ಮಿಲೆಯ ಮುಖ ಕಿವಿಯವರೆಗೆ ಕೆಂಪಾಯಿತು. ತೆರೆಂತಿ ಹೇಳಿದ್ದು ಸುಳ್ಳಾಗಿದ್ದರೆ ಅವನು ನಕ್ಕು ಮುಂದೆ ಹೋಗುತ್ತಿದ್ದ. ಅದು ನಿಜವಾಗಿತ್ತು, ಅದಕ್ಕೇ ಉರಿಯಿತು. ಆರು ವರ್ಷ ಹಿಮದಲ್ಲಿ ಮರ ಕಡಿದದ್ದು ಯಾವುದಕ್ಕೆ? ಯಾರೂ ತನ್ನ ಮನೆಯವರಿಗಾಗಿ ಊರಿನ ಬಾಯಿ ಕಟ್ಟಬಾರದು ಎಂಬುದಕ್ಕೆ ತಾನೇ? ಈಗ ಎಂಬತ್ತು ಜೋಡಿ ಕಣ್ಣುಗಳು ಅವನನ್ನು ಅಳೆಯುತ್ತಿದ್ದವು.

"ಸೂಚನೆ ವಾಪಸ್ ತಗೊಂಡಿದೀನಿ," ಎಂದ. "ನಿಯಮದ ಪ್ರಕಾರ ನಡೀಲಿ. ತೆರೆಂತಿ, ಮಾತಾಡು."

"ನಂದು ಉದ್ದ ಇಲ್ಲ. ಮೇಲಿರೋ ಆ ಗನ್ನಿನ ಹಿಂದೆ ಯಾರಿದಾರೋ ಗೊತ್ತಿಲ್ಲ. ಆದ್ರೆ ಬಾತೂಮಿಲಿ ಎಂಟು ವರ್ಷ ನನ್ನ ಪಕ್ಕದ ಬೆಂಚಲ್ಲಿ ಒಬ್ಬ ಅರ್ಮೇನಿಯನ್ ಇದ್ದ. ಮುಷ್ಕರದಲ್ಲಿ ಅವನ ಹೆಂಡ್ತಿ ನನ್ ಮಕ್ಕಳಿಗೆ ಊಟ ಹಾಕಿದ್ಲು. ಮೂರು ದಿನದಲ್ಲಿ ನಿಲ್ಲೋ ಯುದ್ಧಕ್ಕೆ ನಾನು ಅವನ ಜನರನ್ನ ಕೊಲ್ಲಲ್ಲ, ನನ್ ಜನರನ್ನ ಕೊಲ್ಲಿಸೋದೂ ಇಲ್ಲ. ಬೇಡ ಅಂತ ನನ್ನ ಮಾತು." ಹೇಳಿ ಕೂತ. ಒಂದು ನಿಮಿಷವೂ ಆಗಿರಲಿಲ್ಲ.

ಒಳ್ಳೆಯ ಮಾತು, ಇವತ್ತಿಗೂ ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಆಮೇಲೆ ಇಬ್ಬರು ಬೂಟಿನ ಬಗ್ಗೆ ಕೇಳಿದರು. ಒಬ್ಬನದು ಹರಿದಿತ್ತು, ಇನ್ನೊಬ್ಬನದು ಎರಡೂ ಎಡಗಾಲಿನದೇ. ಮತ್ತೊಬ್ಬ, ಕಾಡಿನಿಂದ ಹಾರಿಸುವುದು ದಾಳಿಯೋ ಬರೀ ಸಹಾಯವೋ, ಸಹಾಯವಾದರೆ ಅದಕ್ಕೆ ಸಭೆ ಬೇಕೋ ಬೇಡವೋ ಎಂದು ಕೇಳಿದ. ಅದಕ್ಕೆ ಆರು ನಿಮಿಷ ಹಿಡಿಯಿತು. ಏಳು ಇಪ್ಪತ್ತು. ಎರ್ಮಿಲೆಯ ಅಂಗೈ ಬೆವತು ಗಡಿಯಾರ ಜಾರುತ್ತಿತ್ತು.

"ಇನ್ನು ಯಾರಾದ್ರೂ ಇದೀರಾ?" ಎಂದ, ಯಾರೂ ಇಲ್ಲದಿರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತ.

"ನಾನಿದೀನಿ," ಎಂದ ಕಲಿಸ್ತ್ರಾತೆ.

ಕಲಿಸ್ತ್ರಾತೆ ಜೇನು ಸಾಕುವವನು. ಪಾದ್ರಿಯಾಗಲು ಓದಿ, ನಡುವೆ ದೇವರನ್ನು ಬಿಟ್ಟು, ಭಾಷಣವನ್ನು ಮಾತ್ರ ಉಳಿಸಿಕೊಂಡವನು. ಒಳ್ಳೆಯ ಮನುಷ್ಯ. ಮನೆಗೆ ಹೋದರೆ ಜೇನುಹುಟ್ಟಿನ ತುಂಡು ಕೈಗಿಡದೆ ಕಳಿಸುವವನಲ್ಲ. ಆದರೆ ಅವನು ಎದ್ದು ಗಂಟಲು ಸರಿಮಾಡಿಕೊಂಡ ಎಂದರೆ ಹೆಂಗಸರು ಒಲೆಯ ಮೇಲಿನ ಪಾತ್ರೆ ಇಳಿಸಿ ಬರುತ್ತಿದ್ದರು.

"ಕಾಮ್ರೇಡ್‌ಗಳೇ! ತೆರೆಂತಿಯ ಮಾತಿಗೆ ನಾನು ಉತ್ತರ ಕೊಡಲೇಬೇಕು. ನಾವು ಹೋಗ್ಬೇಕು! ಈ ಕ್ಷಣವೇ ಹೋಗ್ಬೇಕು! ಯಾಕೆ ಹೋಗ್ಬೇಕು ಅನ್ನೋದನ್ನ ನಾನು ಮೂರು ಭಾಗವಾಗಿ ಹೇಳ್ತೀನಿ."

ಯಾರೋ ಹಿಂದಿನಿಂದ "ಸತ್ತೆವಪ್ಪಾ" ಎಂದರು. ಕಲಿಸ್ತ್ರಾತೆ ಮೊದಲ ಭಾಗವನ್ನು 1905ರಿಂದ ಆರಂಭಿಸಿದ. ಅಂದು ನಾವು ಒಗ್ಗಟ್ಟಾಗಿದ್ದೆವು, ಇಂದೂ ಒಗ್ಗಟ್ಟಾಗಿರಬೇಕು. ಜೇನುಹುಳ ಗೂಡಿಗೆ ಕರಡಿ ಬಂದಾಗ ಕರಡಿಯ ಜಾತಿ ಕೇಳುವುದಿಲ್ಲ. ಏಳು ಇಪ್ಪತ್ತೆಂಟು. ಆದರೆ ಜೇನುಹುಳ ದ್ವೇಷದಿಂದ ಕುಟುಕುವುದಿಲ್ಲ, ಕುಟುಕಿದ ಮೇಲೆ ತಾನೂ ಸಾಯುತ್ತದೆ, ಇದನ್ನು ಗಮನಿಸಬೇಕು. ಏಳು ಮೂವತ್ತಮೂರು. ಎರಡನೆಯ ಭಾಗ ಅಂತರರಾಷ್ಟ್ರೀಯ ಪರಿಸ್ಥಿತಿ.

"ಲೋ ಕಲಿಸ್ತ್ರಾತೆ, ಮುಗಿಸೋ ಮಾರಾಯ! ಹೋಗೋಣ ಅಂತಾನೇ ಹೇಳ್ತಾ ಹೋಗೋಕೇ ಬಿಡ್ತಿಲ್ವಲ್ಲೋ!" ಎಂದು ಒಬ್ಬ ಕೂಗಿದ. ಕೆಲವರು ನಕ್ಕರು, ಕೆಲವರು ಎರ್ಮಿಲೆಯತ್ತ ನೋಡಿದರು. ಅಧ್ಯಕ್ಷ ಒಂದು ಮಾತು ಹೇಳಲಿ ಎಂದು ಆ ಕಣ್ಣುಗಳು ಕೇಳುತ್ತಿದ್ದವು. ತೆರೆಂತಿಯೂ ನೋಡುತ್ತಿದ್ದ. ಅವನ ನೋಟದಲ್ಲಿ ಏನಿತ್ತೋ, ಏನೂ ಇರಲಿಲ್ಲವೋ, ಎರ್ಮಿಲೆಗೆ ಮಾತ್ರ ಒಂದೇ ಪ್ರಶ್ನೆ ಕಂಡಿತು. ತಮ್ಮನಿಗಾಗಿ ಈಗ ಬಾಯಿ ಮುಚ್ಚಿಸುತ್ತೀಯಾ?

"ಅವನ ಮಾತು ಮುಗೀಲಿ," ಎಂದ ಎರ್ಮಿಲೆ.

ಆ ಇಪ್ಪತ್ತು ನಿಮಿಷ ಅವನು ಹೇಗೆ ನಿಂತಿದ್ದನೋ ದೇವರೇ ಬಲ್ಲ. ಓಡಿದರೆ ಇನ್ನೂ ಹೊತ್ತಿಗೆ ಮುಟ್ಟಬಹುದು, ಇಪ್ಪತ್ತೈದರ ದಾರಿಯನ್ನು ಹದಿನೈದರಲ್ಲಿ ಓಡಬಹುದು ಎಂದು ಲೆಕ್ಕ ಹಾಕಿದ. ಹದಿನೈದೂ ದಾಟಿತು. ಮಂಜಿಗೆ ತೋಪಿನವರೇ ತಡ ಮಾಡಿಯಾರು ಎಂದುಕೊಂಡ. ಕ್ಯಾಪ್ಟನ್ನಿನ ಗಡಿಯಾರವೇ ಮುಂದಿರಬಹುದು ಎಂದುಕೊಂಡ. ಕಲಿಸ್ತ್ರಾತೆ ಬ್ರಿಟನ್ನು, ಜರ್ಮನಿ ಮುಗಿಸಿ ತುರ್ಕಿಗೆ ಬಂದಿದ್ದ.

ಎಂಟಕ್ಕೆ ಸರಿಯಾಗಿ ತೋಪು ಹಾರಿತು. ಷೆಡ್ಡಿನ ತಗಡಿನ ಮಾಡು ಅದುರಿ, ಅಂಚಿನಿಂದ ಹಿಮ ಜಾರಿ ಬಿತ್ತು. ಕಲಿಸ್ತ್ರಾತೆ ಬಾಯಿ ತೆರೆದವನು ಹಾಗೇ ನಿಂತ, ಆಮೇಲೆ, ಪಾಪ, "ಹಾಗಾಗಿ ಮೂರನೆಯದಾಗಿ..." ಎಂದ. ಎಡಗಡೆಯಿಂದ ಬಂದೂಕಿನ ಸದ್ದು ಕೇಳಿಸಿತು. ಅದರ ಮೇಲೆ, ಎಲ್ಲವನ್ನೂ ಮುಚ್ಚುವಂತೆ, ಮೇಲಿನಿಂದ ಮೆಷಿನ್‌ಗನ್. ಅದು ನಿಲ್ಲಲಿಲ್ಲ. ಅದಕ್ಕೆ ಬೇರೆ ಕಡೆ ತಿರುಗುವ ಕೆಲಸವಿರಲಿಲ್ಲ.

"ಕೈ ಎತ್ರೋ!" ಎಂದು ಎರ್ಮಿಲೆ ಕಿರುಚಿದ. "ಹೋಗ್ಬೇಕು ಅನ್ನೋವ್ರು ಕೈ ಎತ್ರೋ!"

ಅವನು ಎಣಿಸಿದ. ಕೇಳಿ, ಆಗಲೂ ಎಣಿಸಿದ. ಅರವತ್ತೊಂದು ಕೈ. ಅದರಲ್ಲಿ ತೆರೆಂತಿಯದೂ ಒಂದು.

ಎಲ್ಲರೂ ಓಡಿದರು. ತೊಡೆಯವರೆಗಿನ ಹಿಮದಲ್ಲಿ ಬಿದ್ದು ಎದ್ದು, ಎರಡೂ ಎಡಗಾಲಿನ ಬೂಟಿನವನೂ ಸೇರಿ, ಎಂಟೂಕಾಲು ದಾಟಿ ಓಕ್ ಕಾಡು ಮುಟ್ಟುವಷ್ಟರಲ್ಲಿ ಎಡಗಡೆ ಸದ್ದಡಗಿತ್ತು. ಮಂಜು ಒಂದು ಗಳಿಗೆ ಹರಿದಾಗ ಕೊರಕಲು ಕಂಡಿತು. ಬಿಳಿಯ ಮೇಲೆ ಅಲ್ಲಲ್ಲಿ ಕಪ್ಪು. ಕೆಲವು ಕಪ್ಪು ಕೆಳಕ್ಕೆ ತೆವಳುತ್ತಿದ್ದವು. ನಮ್ಮವರು ಹುಚ್ಚು ಹಿಡಿದವರಂತೆ ಗುಂಡು ಹಾರಿಸಿದರು, ಗನ್ನು ಈಗ ಅವರ ಕಡೆ ತಿರುಗಿತು, ಕೊಂಬೆಗಳನ್ನು ಕತ್ತರಿಸಿ ಹಾಕಿತು. ಸಿಲೊವಾನ್ ಹೇಳಿದಂತೆಯೇ ಆಯಿತು. ಕಾಡಿನಲ್ಲಿದ್ದವರಿಗೆ ಏನೂ ಆಗಲಿಲ್ಲ.

ಕರ್ಮಿರ್‌ಕಾರಿನ ಮೇಲೆ ನಮ್ಮವರ ದಾಳಿ ಎಂದರೆ ಇಷ್ಟೇ. ಮೂರು ದಿನಕ್ಕೆ ಇಂಗ್ಲಿಷರ ಮಾತಿನಂತೆ ಯುದ್ಧ ನಿಂತಿತು. ಆ ಗುಡ್ಡ ನಮಗೂ ಇಲ್ಲ, ಅವರಿಗೂ ಇಲ್ಲ, ನಡುವಿನ ಜಾಗ ಎಂದು ತೀರ್ಮಾನವಾಯಿತು.

ಸಿಲೊವಾನನನ್ನು ಸ್ಟೇಷನ್ನಿನ ಪ್ರಯಾಣಿಕರ ಕೋಣೆಯಲ್ಲಿ, ಎರಡು ಬೆಂಚು ಜೋಡಿಸಿ ಮಲಗಿಸಿದ್ದರು. ಗುಂಡು ಹೊಟ್ಟೆಗೆ ಬಿದ್ದಿತ್ತು. ಎರ್ಮಿಲೆ ಬಂದು ಮೊಣಕಾಲೂರಿ ಕೂತಾಗ ಅವನಿಗೆ ಎಚ್ಚರವಿತ್ತು.

"ಬಂದ್ಯಾ," ಎಂದ. "ಕಾಡಿಂದ ಆಮೇಲೆ ಸದ್ದು ಕೇಳಿಸ್ತು. ನಿಮ್ದೇ ಅಂತ ಗೊತ್ತಾಯ್ತು."

ಎರ್ಮಿಲೆ ತನ್ನ ಕೋಟು ಬಿಚ್ಚಿ ತಮ್ಮನಿಗೆ ಹೊದಿಸಿದ.

"ನಮ್ ಹುಡುಗರು ಬೈತಿದ್ರು, ಸಭೆ ಮಾಡ್ತಾ ಕೂತಿರ್ತಾರೆ ಅಂತ. ನಾನೇ ಗದರಿಸ್ದೆ. ಬಾಯಿಗೆ ಬಂದಂಗೆ ಆಡ್ಬೇಡಿ, ನಾನಿಲ್ಲಿದೀನಿ ಅಂತ ನಮ್ಮಣ್ಣನಿಗೆ ಗೊತ್ತು ಅಂದೆ." ಉಸಿರು ಎಳೆದುಕೊಂಡ. "ಮಂಜಲ್ಲಿ ದಾರಿ ತಪ್ತಾ?"

ಹದಿಮೂರು ವರ್ಷ ಅಣ್ಣನ ಸಭೆಗಳನ್ನು ಹೀಯಾಳಿಸಿದವನು, ಹೀಯಾಳಿಸಬೇಕಾದ ಒಂದೇ ಒಂದು ದಿನ ಅವನನ್ನು ನಂಬಿದ್ದ. ಎರ್ಮಿಲೆ ತಮ್ಮನ ತಣ್ಣನೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಹೂಂ ಕಣೋ," ಎಂದ. "ದಾರಿ ತಪ್ತು."

"ಹೋಗ್ಲಿ ಬಿಡು. ನನಗೂ ಏನೂ ಕಾಣ್ತಿರ್ಲಿಲ್ಲ," ಎಂದ ಸಿಲೊವಾನ್. ಮಧ್ಯಾಹ್ನದ ಹೊತ್ತಿಗೆ ಹೋಗಿಬಿಟ್ಟ. ಆ ಕೊರಕಲಿನಲ್ಲಿ ಒಟ್ಟು ಹತ್ತೊಂಬತ್ತು ಮಂದಿ ಹೋದರು.

ಮಾರನೆಯ ದಿನ ಮೇಲಿನಿಂದ ಒಂದು ಚೀಟಿ ಬಂತು: ತುಕಡಿ ತಡವಾದದ್ದೇಕೆ, ಬರೆದು ಕಳಿಸಿ. ಮತ್ತೆ ಎಲ್ಲರೂ ಷೆಡ್ಡಿನಲ್ಲಿ ಸೇರಿದರು. ಎರ್ಮಿಲೆ ಅಧ್ಯಕ್ಷನ ಜಾಗದಲ್ಲಿ ಕೂತ. ಚೀಟಿ ಓದಿ ಮಡಿಚಿಟ್ಟ. ತುಂಬಾ ಹೊತ್ತು ಯಾರೂ ಏಳಲಿಲ್ಲ, ಅದು ನಮ್ಮವರಲ್ಲಿ ಕಂಡರಿಯದ ಸಂಗತಿ. ಕೊನೆಗೆ ಎದ್ದವನು ಕಲಿಸ್ತ್ರಾತೆ. ರಾತ್ರಿಯೆಲ್ಲ ಅತ್ತು ಅವನ ಕಣ್ಣು ಊದಿಕೊಂಡಿದ್ದವು.

"ಕಾಮ್ರೇಡ್‌ಗಳೇ," ಎಂದ. "ಮಂಜು ಇತ್ತು. ಎಲ್ಲರೂ ನೋಡಿದ್ದೀರಿ, ಎಂಥಾ ಮಂಜು! ಮಂಜಿನಲ್ಲಿ ದಾರಿ ತಪ್ಪಿತು ಅಂತ ಬರೆಯೋಣ. ಇದರಲ್ಲಿ ಯಾರೊಬ್ಬರ ತಪ್ಪೂ ಇಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಅಧ್ಯಕ್ಷರ ತಪ್ಪು ಇಲ್ಲವೇ ಇಲ್ಲ. ಆ ಧೀರ ಸಿಲೊವಾನ್, ನಾವೆಲ್ಲರೂ ಬಲ್ಲ ಸಿಲೊವಾನ್, ಇಂದು ನಮ್ಮ ನಡುವೆ..."

"ಸಾಕು, ಕೂತ್ಕೋ," ಎಂದ ಎರ್ಮಿಲೆ.

ಜೋರಾಗಿಯೂ ಹೇಳಲಿಲ್ಲ. ಕಲಿಸ್ತ್ರಾತೆ ತಕ್ಷಣ ಕೂತ. ಒಂದು ಮರುಮಾತಿಲ್ಲ, ಮುಖ ಸಿಂಡರಿಸಲಿಲ್ಲ, ಯಾರೂ "ನಿಯಮ" ಎಂದು ಕೂಗಲಿಲ್ಲ. ಯಾವನೋ ಒಬ್ಬ ಪಕ್ಕಕ್ಕೆ ಸರಿದು ಅವನಿಗೆ ಜಾಗ ಬಿಟ್ಟುಕೊಟ್ಟ. ಎರ್ಮಿಲೆ ಕೂತವನನ್ನೇ ನೋಡುತ್ತ ಉಳಿದ. ನಿನ್ನೆ ಆಡದೆ ಉಳಿದ ಆ ಎರಡು ಮಾತು ಸಾಕಾಗಿತ್ತು, ಅವನು ಕೂತುಬಿಟ್ಟಿದ್ದ.